ಸೀನು ಬಂತು

ಕೇಬಲ್ಲಿನವನಿಗೆ "ನಿಮ್ಮ ತಂತಿ ನೀವೇ ಸುತ್ತಿಕೊಂಡು ಹೋಗಿ" ಎಂದವಳು ನಾನೇ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಅತ್ತೆ ಹೇಳುತ್ತಾರೆ. ಅವರ ಮಾತುಗಳಲ್ಲಿ ನಾನು ತಕರಾರಿಲ್ಲದೆ ಒಪ್ಪುವುದು ಅದೊಂದನ್ನೇ. ಆದರೆ ನೀವೇ ಹೇಳಿ. ಅತ್ತೆಯ ಧಾರಾವಾಹಿಯಲ್ಲಿ ಕಳೆದುಹೋದ ಮಗಳು ಇನ್ನೇನು ಬಾಗಿಲು ತಟ್ಟಬೇಕು, ಅಷ್ಟರಲ್ಲಿ ಪರದೆ ನೀಲಿಯಾಗುತ್ತದೆ. ಫೋನ್ ಮಾಡಿದರೆ, "ಮೇಲಿಂದಾನೇ ಬರ್ತಿಲ್ಲ ಮೇಡಂ" ಅನ್ನುತ್ತಾನೆ. ವಾರಕ್ಕೆ ನಾಲ್ಕು ಸಲ ಇದೇ ಹಾಡು.

"ಮೇಲಿಂದ ಅಂದ್ರೆ ಎಲ್ಲಿಂದ್ರೀ? ಆಕಾಶದಿಂದಾನಾ?" ಎಂದು ಕೇಳಿದೆ.

"ಹಾಗೇ ಅಂದ್ಕೊಳ್ಳಿ."

"ಆಕಾಶದಿಂದ ಬರೋದಾದ್ರೆ ನಾವೇ ಹಿಡ್ಕೋತೀವಿ. ಮಧ್ಯೆ ನೀವ್ಯಾಕೆ?"

ಅವನು ಏಣಿ ಹಾಕಿ ತಂತಿ ಕತ್ತರಿಸಿದ, ಸುತ್ತಿ ಹೆಗಲಿಗೆ ಹಾಕಿಕೊಂಡ, "ಒಂದು ವಾರ ಕಳೀಲಿ, ನೀವಾಗೇ ಕರೀತೀರ" ಎಂದು ನಕ್ಕ. ಆ ಮಾತನ್ನು ಬೀದಿಯ ತುದಿಯ ಕ್ಷೌರದಂಗಡಿಯಲ್ಲೂ ಹೇಳಿ ಹೋದ. ಕ್ಷೌರದಂಗಡಿಯಲ್ಲಿ ಹೇಳಿದ್ದು ಊರಿಗೆಲ್ಲ ಹೇಳಿದ ಹಾಗೆ. ಇನ್ನು ಅವನನ್ನು ಕರೆಯುವುದಕ್ಕಿಂತ ಗೋಡೆ ನೋಡುತ್ತ ಕೂರುವುದೇ ವಾಸಿ ಎಂದು ನಾನು ತೀರ್ಮಾನಿಸಿದೆ.

ಅತ್ತೆ ಜಗಳಕ್ಕೆ ಬರಲಿಲ್ಲ. ಅದೇ ನನಗೆ ಭಯವಾದದ್ದು. ನೇರ ಫೋನಿನ ಹತ್ತಿರ ಹೋಗಿ ದೊಡ್ಡ ಮಗನಿಗೆ, "ಭಾನುವಾರ ಕಾರು ತಗೊಂಡು ಬಾರೋ, ನಿನ್ನ ಮನೇಲೇ ಇರ್ತೀನಿ" ಎಂದರು. ಆಮೇಲೆ ಮಂಚದ ಕೆಳಗಿನಿಂದ ಸೂಟ್‌ಕೇಸ್ ಎಳೆದು ತಂದು ಬಾಗಿಲ ಪಕ್ಕ ಇಟ್ಟರು. ಹೋಗುವಾಗ ಬರುವಾಗ ಅದು ನನ್ನ ಕಾಲ್ಬೆರಳಿಗೇ ತಗಲುತ್ತಿತ್ತು.

ಅವರು ಹೋದರೆ ಮನೆಯಲ್ಲಿ ಉಳಿಯುವವರು ನಾನು ಮತ್ತು ನನ್ನ ಗಂಡ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುತ್ತಾರೆ. ಬಂಗಾರದಂಥ ಮನುಷ್ಯ, ಆದರೆ ದಿನವಿಡೀ ಲಿಫ್ಟ್ ಓಡಾಡುವ ಗುಂಡಿಯಲ್ಲಿ ಒಬ್ಬರೇ ಇದ್ದೂ ಇದ್ದೂ ಮಾತೇ ಮರೆತುಹೋಗಿದೆ. "ಹೂಂ" ಎಂದರೆ ಹೌದು, "ಊಹೂಂ" ಎಂದರೆ ಅಲ್ಲ, "ಹ್ಞಾಂ" ಎಂದರೆ ಕೇಳಿಸಿಕೊಂಡಿಲ್ಲ. ನಾನೋ, ಲಾಂಡ್ರಿಯ ಕೌಂಟರಿನಲ್ಲಿ ಕೂರುವವಳು. ಯಾರ ಅಂಗಿಯ ಮೇಲೆ ಯಾವ ಕಲೆ, ಅದು ಹೇಗಾಯಿತು ಎಂದು ಅವರು ಹೇಳಿದ ಸುಳ್ಳು ಯಾವುದು, ಇದನ್ನೆಲ್ಲ ಸಂಜೆ ಯಾರಿಗಾದರೂ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬರಿಸುತ್ತದೆ. ಹೇಳುವುದು ಅತ್ತೆಗೆ. ಅವರು ಒಂದೊಂದಕ್ಕೂ ಕೊಂಕು ತೆಗೆಯುತ್ತಾರೆ, ನಾನು ತಿರುಗಿಸಿ ಕೊಡುತ್ತೇನೆ, ಇಬ್ಬರ ಮುಖವೂ ಕೆಂಪಾಗುತ್ತದೆ, ಆಮೇಲೆ ಊಟ ಚೆನ್ನಾಗಿ ಸೇರುತ್ತದೆ.

ಅವರು ಹೋಗುವುದು ನನಗೆ ಬೇಡವಾಗಿತ್ತು. ಬೇಡವೇ ಬೇಡ. "ಹೋಗಬೇಡಿ ಅತ್ತೆ" ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಕಾಲು ಚಾಚಿ ಕೂತುಬಿಡುತ್ತಿತ್ತು. ಅವರೂ ಏನು ಕಡಿಮೆಯಲ್ಲ. ಯಾರಾದರೂ ಇರು ಅನ್ನಲಿ ಎಂದು ಮನೆಯೆಲ್ಲ ಸುತ್ತುತ್ತಿದ್ದರು, ತಾವಾಗಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಹಾಗಾಗಿ ಆಂಟೆನಾ. ಚಿತ್ರ ಬಂದರೆ ಅತ್ತೆ ತಾವಾಗೇ ಉಳಿಯುತ್ತಾರೆ, ಯಾರೂ ಯಾರನ್ನೂ ಬೇಡಿಕೊಳ್ಳಬೇಕಾಗಿಲ್ಲ ಎಂಬುದು ನನ್ನ ಲೆಕ್ಕಾಚಾರ. ಹಳೆ ಸಾಮಾನಿನ ಅಂಗಡಿಯಿಂದ ಮೀನಿನ ಮುಳ್ಳಿನಂಥ ದೊಡ್ಡದೊಂದು ಆಂಟೆನಾ ಬಂತು. ಗಂಡ ಅದನ್ನು ಹೊತ್ತು ತಾರಸಿ ಹತ್ತಿದರು. ಲಿಫ್ಟಿನ ಗುಂಡಿಯಲ್ಲಿ ಹಗ್ಗ ಹಿಡಿದು ಜೋತಾಡುವ ಇವರಿಗೆ ತಲೆಯ ಮೇಲೆ ಆಕಾಶ ಕಂಡರೆ ತಲೆ ತಿರುಗುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು. ಕಣ್ಣು ಮುಚ್ಚಿಕೊಂಡು, ಕಂಬ ತಬ್ಬಿಕೊಂಡು, ಆಂಟೆನಾವನ್ನು ಒಂದೊಂದೇ ಇಂಚು ತಿರುಗಿಸುತ್ತಿದ್ದರು. ನಾನು ಮೆಟ್ಟಿಲ ಮೇಲೆ ನಿಂತೆ. ಅತ್ತೆಯನ್ನು ಕೆಳಗೆ ಟಿವಿಯ ಮುಂದೆ ಕೂರಿಸಿ, ಬಾಗಿಲು ತೆರೆದಿಟ್ಟು, ಚಿತ್ರ ಬಂದ ತಕ್ಷಣ ಕೂಗಬೇಕು ಎಂದು ಹೇಳಿದ್ದೆ. ಅವರೂ ಮುಖ ಗಂಟಿಕ್ಕಿಕೊಂಡೇ, ಕೂತಲ್ಲಿ ಕೈ ಸುಮ್ಮನಿರದೆ, ಟಿವಿಯ ಹಿಂದಿನ ಧೂಳು ಝಾಡಿಸುತ್ತ ಕೂತಿದ್ದರು.

"ಬಂತಾ?" ಎಂದು ಮೇಲಿಂದ ಗಂಡ.

"ಬಂತಾ ಅತ್ತೆ?" ಎಂದು ನಾನು.

"ಎಲ್ಲಿ ಬರುತ್ತೆ!" ಎಂದು ಅತ್ತೆ.

ಹೀಗೇ ಅರ್ಧ ಸುತ್ತು ತಿರುಗಿತು. ಇದ್ದಕ್ಕಿದ್ದಂತೆ ಕೆಳಗಿನಿಂದ ಕೂಗು: "ಬಂತು... ಬಂತು... ಅಯ್ಯೋ, ಸೀನು ಬಂತು!"

ನನಗೆ ರೆಕ್ಕೆ ಮೂಡಿತು. "ರೀ, ಸೀನ್ ಬಂತಂತೆ! ಬಿಗೀರಿ! ಅಲ್ಲಾಡಿಸಬೇಡಿ, ಬಿಗೀರಿ!" ಎಂದು ಕಿರುಚಿದೆ. ಅವರು ಲಿಫ್ಟಿಗೆ ಹಾಕುವ ಶಕ್ತಿಯನ್ನೆಲ್ಲ ಹಾಕಿ ನಟ್ಟು ಬಿಗಿದರು. ಅದೇ ಹೊತ್ತಿಗೆ ಕೆಳಗೆ ಅತ್ತೆ ಸೀನಿದರು. ಒಂದಲ್ಲ, ಐದು. ಮೆಟ್ಟಿಲ ಕಂಬಿ ಗುಂಯ್ ಎಂದಿತು.

ನಾನು ಒಳಗೆ ಓಡಿಬಂದಾಗ ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.

"ಸೀನ್ ಎಲ್ಲಿ ಅತ್ತೆ?"

"ಬಂತು, ಹೋಯ್ತು. ಈಗ ಹಗುರ ಆಯ್ತು."

ಮೇಲೆ ತುಕ್ಕು ಹಿಡಿದ ನಟ್ಟು ಕಚ್ಚಿಕೊಂಡು ಕೂತಿತ್ತು. ಗಂಡ ಇನ್ನೊಂದು ಸಲ ಮೇಲೆ ಹೋಗಿ ಒದ್ದಾಡಿ, ಬಿಳಿಚಿಕೊಂಡು ಇಳಿದು ಬಂದು, "ಸೋಮವಾರ ದೊಡ್ಡ ಸ್ಪ್ಯಾನರ್" ಎಂದರು. ಅವರ ಮಟ್ಟಿಗೆ ಅದು ಭಾಷಣವೇ. ಆದರೆ ಕಾರು ಬರುವುದು ಭಾನುವಾರ.

ಆಂಟೆನಾ ನಿಂತ ದಿಕ್ಕಿನಲ್ಲಿ ಊರು ಮುಗಿದು ನೀರು ಶುರುವಾಗುತ್ತದೆ. ಹಾಗಾಗಿ ನಮ್ಮ ಭಾಷೆಯ ಚಾನೆಲ್ಲುಗಳೆಲ್ಲ ಚೂರುಚೂರಾಗಿ ಬಂದವು. ವಾರ್ತೆ ಓದುವವಳ ಮೂಗು ಒಂದು ಕಡೆ, ಬಾಯಿ ಇನ್ನೊಂದು ಕಡೆ. ಒಂದೇ ಒಂದು ಚಾನೆಲ್ ಕನ್ನಡಿಯ ಹಾಗೆ ಸ್ವಚ್ಛವಾಗಿ ಬಂತು. ಅದು ನೀರಿನ ಆಚೆ ದಡದ್ದು. ಅದರ ಭಾಷೆ ನಮಗೆ ಒಂದಕ್ಷರ ಗೊತ್ತಿಲ್ಲ.

ಅವತ್ತು ಸಂಜೆ ಆರು ಗಂಟೆಗೆ ಅದರಲ್ಲಿ ಏನೋ ಸಂಗೀತ ಬಾರಿಸಿ ನಾಟಕ ಶುರುವಾಯಿತು. ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕಣ್ಣನ್ನು ಮಾತ್ರ ಇತ್ತ ಬಿಟ್ಟುಕೊಂಡು ಕೂತಿದ್ದರು. ಪರದೆಯ ಮೇಲೆ ಹಸಿರು ಕೋಟಿನ ಹೆಂಗಸೊಬ್ಬಳು ಒಳಗೆ ಬಂದು ಬಾಗಿಲು ಹಾಕಿದಳು. ಕುರ್ಚಿಯಲ್ಲಿ ವಯಸ್ಸಾದವರೊಬ್ಬರು ಕೂತಿದ್ದರು.

"ಇವಳು ಸೊಸೆ," ಎಂದರು ಅತ್ತೆ, ಯಾರಿಗೋ ಹೇಳುವವರಂತೆ.

"ಹೇಗೆ ಹೇಳ್ತೀರಿ?"

"ಬಾಗಿಲು ಹಾಕಿದ್ದು ನೋಡಲಿಲ್ವಾ? ಸೊಸೆಯರೇ ಹಾಗೆ ಹಾಕೋದು."

"ಹಾಗಾದ್ರೆ ಆ ಮುದುಕಿ ಅತ್ತೆ. ಕೂತಲ್ಲಿಂದ ಏಳದೆ ಎಲ್ಲಾ ತಪಾಸಣೆ ಮಾಡ್ತಿದ್ದಾಳೆ."

"ಮುದುಕಿ ಅನ್ನಬೇಡ. ಹಿರಿಯರು ಅನ್ನು."

ಹಸಿರು ಕೋಟಿನವಳು ಮೇಜಿನ ಮೇಲೆ ಚೀಲ ಇಟ್ಟು ಏನೋ ಹೇಳಿದಳು. ನನಗೆ ಏನು ಹುಚ್ಚು ಹಿಡಿಯಿತೋ, ದನಿ ಸಣ್ಣ ಮಾಡಿ, "ಅತ್ತೆ, ಸೌತೆಕಾಯಿ ತಂದಿದ್ದೀನಿ" ಎಂದೆ. ಪರದೆಯ ಹಿರಿಯರು ಬೆರಳೆತ್ತಿ ಉದ್ದಕ್ಕೆ ಮಾತಾಡತೊಡಗಿದರು. ನಮ್ಮ ಅತ್ತೆ ಥಟ್ಟನೆ ಪರದೆಯ ಕಡೆ ತಿರುಗಿ, ಆ ಬಾಯಿ ಅಲ್ಲಾಡಿದ ಹಾಗೆಲ್ಲ ತಾವೂ ಮಾತು ಜೋಡಿಸಿದರು: "ಕಹಿ ಇದೆಯಾ ಅಂತ ನೋಡಿ ತಂದ್ಯಾ? ಎಲ್ಲಿ ನೋಡ್ತೀಯ! ಕೊಟ್ಟೋನು ಕೊಟ್ಟ, ನೀನು ತಂದೆ. ಮೊನ್ನೆ ಬದನೆಕಾಯೀನೂ ಹೀಗೇ ಆಯ್ತು, ಹುಳ ನಮಗಿಂತ ಮುಂಚೆ ಊಟ ಮುಗಿಸಿತ್ತು!" ಹಿರಿಯರು ಬಾಯಿ ಮುಚ್ಚಿದ್ದೂ ಅತ್ತೆ ನಿಲ್ಲಿಸಿದ್ದೂ ಒಂದೇ ಕ್ಷಣ. ನಾವಿಬ್ಬರೂ ಮುಖ ಮುಖ ನೋಡಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಷ್ಟರಲ್ಲಿ ಮೀಸೆಯವನೊಬ್ಬ ಒಳಗೆ ಬಂದ. "ಇವನಿಗೆ ಯಾರೇ?" ಎಂದು ಅತ್ತೆ ಗಾಬರಿಯಾದರು. ಇಬ್ಬರೂ ನನ್ನ ಗಂಡನ ಕಡೆ ತಿರುಗಿದೆವು.

"ಹೂಂ," ಎಂದರು ಅವರು. ಮೀಸೆಯವನ ಬಾಯಿ ಕೂಡ ಸರಿಯಾಗಿ ಒಂದೇ ಸಲ ತೆರೆದು ಮುಚ್ಚಿತು. ಅತ್ತೆ ಚಪ್ಪಾಳೆ ತಟ್ಟಿದರು.

ಆ ವಾರ ನಮ್ಮ ಮನೆಯಲ್ಲಿ ಯಾರಿಗೂ ತಲೆ ನೆಟ್ಟಗಿರಲಿಲ್ಲ. ದಿನಾ ಆರಕ್ಕೆ ಆ ನಾಟಕ ಶುರುವಾಗುವಷ್ಟರಲ್ಲಿ ನಾನು ಲಾಂಡ್ರಿಯಿಂದ ಓಡೋಡಿ ಬರುತ್ತಿದ್ದೆ. ಅತ್ತೆ ಗಂಟಲಿಗೆ ಬಿಸಿನೀರು ಕುಡಿದು ಸಿದ್ಧವಾಗಿರುತ್ತಿದ್ದರು. ಗುರುವಾರ ಮೀಸೆಯವನಿಗೆ ಉದ್ದನೆಯ ಮಾತು ಬಂತು. ಅತ್ತೆ ಮಗನ ಪಕ್ಕೆಗೆ ತಿವಿದರು. ಗಂಡ ಕಣ್ಣು ಮುಚ್ಚಿ, ತಾರಸಿಯ ಕಂಬ ಹಿಡಿದ ಹಾಗೆ ಕುರ್ಚಿಯ ಕೈ ಹಿಡಿದು, ಒಂದೇ ಉಸಿರಿಗೆ, "ನೋಡಿ, ನಾನು ಮೊದ್ಲೇ ಹೇಳಿದ್ದೆ, ಓವರ್‌ಲೋಡ್ ಮಾಡಬೇಡಿ ಅಂತ. ಒಬ್ಬರು ಮೇಲಿಂದ ಬಟನ್ ಒತ್ತೋದು, ಒಬ್ಬರು ಕೆಳಗಿಂದ ಒತ್ತೋದು. ಇಬ್ಬರೂ ಒಟ್ಟಿಗೆ ಒತ್ತಿದ್ರೆ ನಾನು ಯಾವ ಮಹಡೀಲಿ ನಿಲ್ಲಲಿ?" ಎಂದರು. ನಾನು ಸೋಫಾದಿಂದ ಕೆಳಗೆ ಜಾರಿದೆ. ಅತ್ತೆಗೆ ನಕ್ಕೂ ನಕ್ಕೂ ಬಿಕ್ಕಳಿಕೆ ಹತ್ತಿತು. ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ತಮ್ಮ ಸೂರು ಕುಟ್ಟಿದರು.

ಇಷ್ಟೆಲ್ಲ ಆದರೂ ಸೂಟ್‌ಕೇಸ್ ಬಾಗಿಲಲ್ಲೇ ಇತ್ತು. ಶುಕ್ರವಾರ ನೋಡಿದರೆ ಅತ್ತೆ ಕನ್ನಡಕದ ಡಬ್ಬಿಯನ್ನೂ ಅದರೊಳಗೆ ಇಟ್ಟಿದ್ದರು. ಹೇಳಿದ ಮಾತಿಗೆ ತಪ್ಪುವವರಲ್ಲ, ಯಾರಾದರೂ ತಪ್ಪಿಸಿದರೆ ಮಾತ್ರ ತಪ್ಪುತ್ತಾರೆ. ಆ ಯಾರಾದರೂ ನಾನೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬರಲಿಲ್ಲ.

ಶನಿವಾರ ಲಾಂಡ್ರಿಗೆ ಬೇಕರಿಯವರು ಬಂದರು. ಹಿಟ್ಟು ಮೆತ್ತಿದ ಏಪ್ರನ್ನುಗಳ ಗಂಟು ಬಿಚ್ಚುತ್ತ ಅವರು ಗುನುಗುತ್ತಿದ್ದ ರಾಗ ಕೇಳಿ ನನ್ನ ಕೈಯಲ್ಲಿದ್ದ ಹ್ಯಾಂಗರ್ ಬಿದ್ದಿತು. ಅದು ನಮ್ಮ ನಾಟಕದ ಸಂಗೀತ!

"ಅದು ನಿಮಗೆ ಹೇಗೆ ಗೊತ್ತು?"

"ನಮ್ಮ ಭಾಷೇದು ಮೇಡಂ. ನಮ್ಮೂರು ನೀರಿನ ಆಚೆ ದಡದಲ್ಲಿ."

ನನ್ನ ತಲೆಯಲ್ಲಿ ದೀಪ ಹತ್ತಿತು. ನಿಜವಾದ ಕಥೆ ಗೊತ್ತಾದರೆ ಅತ್ತೆ ಅದನ್ನು ಬಿಟ್ಟು ಹೇಗೆ ಹೋಗುತ್ತಾರೆ? ನಾಳೆ ಆರಕ್ಕೆ ಮನೆಗೆ ಬಂದು ಅರ್ಥ ಹೇಳಲೇಬೇಕು ಎಂದು ಬೇಕರಿಯವರನ್ನು ಹಿಡಿದುಕೊಂಡೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಭಾನುವಾರ ಭಾವ ಬಂದರು. ಇಸ್ತ್ರಿಯ ಮಡಿಕೆ ಕೆಡದ ಹಾಗೆ ಕೂರುವ ಮನುಷ್ಯ. ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ, "ನಮ್ಮ ಮನೇಲಿ ಗೋಡೆಯಷ್ಟು ದೊಡ್ಡ ಟಿವಿ ಅಮ್ಮ, ಎಲ್ಲಾ ಚಾನೆಲ್ಲೂ ಬರುತ್ತೆ" ಎಂದರು. ಬೇಕರಿಯವರೂ ಬಂದರು, ಕೈಯಲ್ಲಿ ಬಿಸಿ ಬ್ರೆಡ್ಡು. ಅತ್ತೆ ಹೊಸ ಸೀರೆಯಲ್ಲಿ ಹೊರಟು ನಿಂತಿದ್ದವರು, ಅರ್ಥ ಹೇಳುವವರು ಎಂದ ತಕ್ಷಣ ಕೂತರು.

"ನಾವು ಹೇಳಿದ್ದು ಎಷ್ಟು ಸರಿ ಇದೆ ಅಂತ ನೋಡೇಬಿಡೋಣ," ಎಂದರು. "ಈ ಸೊಸೆ ಇದ್ದಾಳಲ್ಲ, ಇವಳಿಗೆ ಕೋಪ ಜಾಸ್ತಿ ಅಲ್ವಾ?"

"ಸೊಸೆ?" ಬೇಕರಿಯವರು ತಲೆ ಕೆರೆದುಕೊಂಡರು. "ಸೊಸೆ ಯಾರೂ ಇಲ್ಲಮ್ಮ. ಆ ಮನೇಲಿ ಆ ಅಜ್ಜಿ ಒಬ್ಬರೇ. ಹಸಿರು ಕೋಟಿನವಳು ಮನೆ ಮಾರಿಸೋ ಬ್ರೋಕರ್ರು. ಮೀಸೆಯವನು ಮನೆ ಕೊಳ್ಳೋನು."

"ಮಗ ಅಲ್ವಾ?"

"ಅಲ್ಲಮ್ಮ. ಇವತ್ತು ಅವರು ಮನೆ ಬಿಟ್ಟು ಹೋಗ್ತಾರೆ. ಇವತ್ತಿಗೆ ಕಥೆ ಮುಗೀತು."

ಅತ್ತೆಯ ಮುಖ ಸಣ್ಣದಾಯಿತು. ಒಂದು ವಾರ ಗಂಟಲು ಹರಿದುಕೊಂಡು ಜಗಳವಾಡಿದ ಸೊಸೆ, ತಿವಿದು ತಿವಿದು ಮಾತಾಡಿಸಿದ ಮಗ, ಒಬ್ಬರೂ ಇಲ್ಲ. ನನಗೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವ ಹಾಗಾಯಿತು.

"ನಡಿಯೋ," ಎಂದು ಅತ್ತೆ ಎದ್ದರು. "ಕತ್ತಲಾಗೋ ಮುಂಚೆ ಹೊರಡೋಣ."

ಭಾವ ಸೂಟ್‌ಕೇಸಿಗೆ ಕೈ ಹಾಕಿದರು. ನನ್ನ ಗಂಡ ನನ್ನನ್ನೇ ನೋಡಿದರು. ಪರದೆಯ ಮೇಲೆ ಆ ಹಿರಿಯರೂ ಕೋಟು ತೊಟ್ಟು, ಗುಂಡಿ ಹಾಕಿಕೊಂಡು, ಕೈಚೀಲ ಎತ್ತಿಕೊಂಡಿದ್ದರು. ಹಸಿರು ಕೋಟಿನವಳು ಬಾಗಿಲ ಹತ್ತಿರ ನಿಂತು ಬಾಯಿ ತೆರೆದಳು. ಬೇಕರಿಯವರು ಮುಂದೆ ಬಾಗಿ, "ಈಗ ಅವಳು ಹೇಳ್ತಿರೋದು, ಕೀಲಿ..." ಎಂದು ಶುರುಮಾಡಿದರು.

"ಹೋಗಬೇಡಿ ಅತ್ತೆ!" ಎಂದೆ ನಾನು.

ಸಣ್ಣ ದನಿ ಮಾಡಬೇಕೆಂಬುದೇ ಮರೆತಿತ್ತು. ನನ್ನ ದನಿಯೇ ಬಂತು, ಅದೂ ಒಡೆದು. ಹಸಿರು ಕೋಟಿನವಳು ಇನ್ನೂ ಮಾತಾಡುತ್ತಿದ್ದಳು, ಹಾಗಾಗಿ ನಾನೂ ನಿಲ್ಲಿಸಲಿಲ್ಲ. "ತಂತಿ ಕೀಳಿಸಿದ್ದು ನಾನೇ. ಕೋಪಕ್ಕೆ ಕೀಳಿಸಿದೆ. ನೀವು ಹೋಗ್ಲಿ ಅಂತ ಕೀಳಿಸಿದ್ದಲ್ಲ. ನೀವಿಲ್ಲದಿದ್ರೆ ನಾನು ಯಾರ ಹತ್ರ ಬೈಸಿಕೊಳ್ಳಲಿ? ಇವರ ಹತ್ರಾನಾ? ಇವರು ಹೂಂ ಅಂತಾರೆ ಅಷ್ಟೇ."

"ಹೂಂ," ಎಂದರು ನನ್ನ ಗಂಡ.

ಹಸಿರು ಕೋಟಿನವಳು ಬಾಯಿ ಮುಚ್ಚಿದಳು. ಈಗ ಹಿರಿಯರ ಸರದಿ. ಅತ್ತೆ ನನ್ನ ಕಡೆ ನೋಡಲಿಲ್ಲ, ಪರದೆಯನ್ನೇ ನೋಡುತ್ತಿದ್ದರು. ಅಲ್ಲಿ ಹಿರಿಯರು ಗದ್ದ ಎತ್ತಿದರು. ತುಟಿ ಅಲ್ಲಾಡಿತು.

"ಹೋಗ್ತೀನಿ ಅಂತ ಯಾರೇ ಹೇಳಿದ್ದು?" ಎಂದರು ಅತ್ತೆ. "ಚಳಿ ಅಂತ ಕೋಟು ಹಾಕ್ಕೊಂಡೆ."

"ಅಮ್ಮಾ, ಅವರು ಹೇಳಿದ್ದು ಹಾಗಲ್ಲ," ಎಂದರು ಪಾಪ ಬೇಕರಿಯವರು.

"ಸುಮ್ಮನಿರಪ್ಪ. ನಿನಗೆ ಆ ಭಾಷೆ ಅಷ್ಟು ಸರಿಯಾಗಿ ಬರಲ್ಲ."

ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ. ಭಾವ ಸೂಟ್‌ಕೇಸನ್ನು ಅರ್ಧಕ್ಕೆ ಎತ್ತಿ ಹಿಡಿದೇ ನಿಂತಿದ್ದರು. ಆಗ ಪರದೆಯ ಮೇಲೆ ಆ ಹಿರಿಯರು ನಮ್ಮ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಬಾಗಿಲು ತೆರೆದು, ಹೊಸ್ತಿಲು ದಾಟಿ, ತಿರುಗಿಯೂ ನೋಡದೆ ಬೀದಿಯಲ್ಲಿ ನಡೆದು ಹೊರಟೇಹೋದರು. ಸಂಗೀತ ಶುರುವಾಯಿತು. ನಾವೆಲ್ಲ ಅತ್ತೆಯ ಮುಖ ನೋಡಿದೆವು.

ಅತ್ತೆ ಕೂತು, ಹೊಸ ಸೀರೆಯ ನೆರಿಗೆ ಸರಿಮಾಡಿಕೊಂಡರು.

"ಹಾಲು ತರಕ್ಕೆ ಹೋದ್ಲು," ಎಂದರು. "ಬರ್ತಾಳೆ."