ಸಣ್ಣಕ್ಷರದ ಹೆಸರುಗಳು

ಹಳೆಯ ಅಮೆರಿಕನ್ ಪಾಪ್ ರೆಕಾರ್ಡು ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ನಡುವಿನ ಲೇಬಲ್ಲನ್ನು. ಗಾಯಕನ ಹೆಸರು ದಪ್ಪಕ್ಷರದಲ್ಲಿ. ಹಾಡು ಬರೆದವರದು ಎಲ್ಲೋ ಮೂಲೆಯಲ್ಲಿ, ಇರುವೆಯಷ್ಟು. ದಿನಾ ಆಫೀಸಿಗೆ ಹೋದಂತೆ ಹೋಗಿ, ಕಿಷ್ಕಿಂಧೆಯಂಥ ಕೋಣೆಯಲ್ಲಿ ಪಿಯಾನೊ ಮುಂದೆ ಕೂತು, ಯಾರದೋ ಬಾಯಿಗೆ ಹಾಡು ಹೊಸೆದವರು ಅವರು. ಲೋಕಕ್ಕೆ ನೆನಪಿರುವುದು ಆ ಬಾಯಿ ಮಾತ್ರ.

ನನ್ನ ನೈರೋಬಿಯ ಪೋಸ್ಟಿಂಗ್ ಮುಗಿಯುತ್ತಿತ್ತು, ಊರಿಗೆ ಹೊರಡಬೇಕಿತ್ತು. ನಾನು ಮೊಂಬಾಸಾಗೆ ಹೋಗಿದ್ದಾಗ, ಲಗೇಜ್ ಭಾರವಾಗುತ್ತದೆಂದು ಮಗಳು ಮೇಧಾ ನನ್ನ ರೆಕಾರ್ಡುಗಳನ್ನೆಲ್ಲ ನ್ಗಾರಾ ಬಡಾವಣೆಯ ಹಳೇ ಸಾಮಾನಿನ ಅಂಗಡಿಗೆ ಕೊಟ್ಟುಬಿಟ್ಟಿದ್ದಳು.

"ಆಲ್ ದ ಸಾಂಗ್ಸ್ ಆರ್ ಆನ್ ಯುವರ್ ಫೋನ್, ಅಪ್ಪಾ."

"ಬರೆದೋರ ಹೆಸರು ಎಲ್ಲಿದೆ ಪುಟ್ಟಿ?"

"ಹೂ ಕೇರ್ಸ್?"

ಸಿಟ್ಟಿನಲ್ಲೇ ಮಟಾಟು ವ್ಯಾನು ಹತ್ತಿ ನ್ಗಾರಾಕ್ಕೆ ಓಡಿದೆ. ಅಷ್ಟೂ ರೆಕಾರ್ಡುಗಳು ಗೋಡೆ ಗಡಿಯಾರಗಳಾಗಿದ್ದವು. ಚೆಂದ ಕಾಣಲೆಂದು ಅಂಗಡಿಯವನು ಪ್ರತಿ ಲೇಬಲ್ಲಿನ ಮೇಲೂ ಗಾಯಕನ ಫೋಟೊ ಅಂಟಿಸಿದ್ದ.

ಒಂದನ್ನು ಕೊಂಡು, ಅಲ್ಲೇ ನಿಂತು ಉಗುರಿನಿಂದ ಫೋಟೊ ಕೆರೆದೆ. ಅದು ಸಲೀಸಾಗಿ ಎದ್ದು ಬಂತು. ಅದರ ಬೆನ್ನಿಗೆ ಅಂಟಿಕೊಂಡು ಲೇಬಲ್ಲೂ ಚೂರುಚೂರಾಗಿ ಎದ್ದು ಬಂತು.

ನನ್ನ ಕೈಯಲ್ಲಿ ಗಾಯಕ ನಗುತ್ತಿದ್ದ. ರೆಕಾರ್ಡಿನ ನಡುವೆ ಬರೀ ಕಪ್ಪು ಉಳಿದಿತ್ತು.