ಎಲೀಷನೇ ಕಟ್ತಾನ

“ಹೆಣ ಎಲ್ಲಿ ಓಡಿ ಹೋಗ್ತದ? ಮೊದಲ ಕಂತು ಕಟ್ಟು, ಆಮ್ಯಾಲ ಅಳು.”

ಫೈನಾನ್ಸಿನ ಧನರಾಜ ಹೀಗೆಂದು, ಬೀದರದಿಂದ ಬರಬೇಕಿದ್ದ ಪಾಸ್ಟರಿಗೆ ಹಾಕಿದ್ದ ಕುರ್ಚಿಯಲ್ಲಿ ಕುಂಡಿ ಊರಿದ. ಸಾವಿನ ಮನೆಯಲ್ಲಿ ಚಪ್ಪಲಿ ಬಿಡುವ ಬುದ್ಧಿಯೂ ಆ ಪುಣ್ಯಾತ್ಮನಿಗೆ ಇರಲಿಲ್ಲ. ಎದುರಿಗೆ ಹೊರಸಿನ ಮೇಲೆ ಎಲೀಷ ಮಲಗಿದ್ದ. ಭಾಲ್ಕಿ ಬಸ್‌ಸ್ಟ್ಯಾಂಡಿನ ಹಮಾಲ, ನಸುಕಿನಲ್ಲಿ ಎದೆ ಹಿಡಿದುಕೊಂಡು ಬಿದ್ದವನು ಮತ್ತೆ ಏಳಲಿಲ್ಲ. ಗಂಡಸರು ಕುಣಿ ತೋಡಲು ಹೋಗಿದ್ದರು.

ಸಾಲದ ಗುಂಪಿನ ವಾರದ ಮೀಟಿಂಗು ಇವತ್ತು ಎಲೀಷನ ಹೆಂಡತಿ ರೂತಮ್ಮನ ಅಂಗಳದಲ್ಲೇ ಬಿದ್ದಿತ್ತು. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು, ತುಂಬುವತನಕ ಯಾರೂ ಏಳಕೂಡದು. ಹಾಗಾಗಿ ಗುಂಪಿನ ಹೆಂಗಸರು ಹೆಣದ ಮುಂದೆ ಸಾಲಾಗಿ ಕೂತಿದ್ದರು.

ಗಂಡ ಸತ್ತರೆ ಸಾಲ ಮನ್ನಾ ಎಂದು ಹೇಳಿ ಸಾಲ ಕೊಡುವಾಗಲೇ ವಿಮೆಯ ಹಣ ಮುರಿದುಕೊಂಡದ್ದನ್ನು ರೂತಮ್ಮ ನೆನಪಿಸಿದಳು. ಧನರಾಜ ಲೆಕ್ಕ ತೆಗೆದು ನೋಡಿದ. ಮುರಿದದ್ದು ನಿಜ. ಆದರೆ ವಿಮೆ ಬರಲು ತಿಂಗಳುಗಟ್ಟಲೆ ಬೇಕು, ಅಲ್ಲಿತನಕ ಕಂತು ನಿಲ್ಲದು, ತಡವಾದರೆ ದಂಡ, ಇವತ್ತು ತಾನು ಬಾಗಿಲಿಗೆ ಬಂದದ್ದಕ್ಕೂ ಚಾರ್ಜು. ಎಲ್ಲ ಕರಾರಿನಲ್ಲೇ ಇದೆಯಂತೆ.

“ಅದು ಇಂಗ್ಲಿಷಿನ್ಯಾಗ ಇತ್ತಲ್ರಿ, ಸರ್.”

“ಬೈಬಲ್ ಓದ್ತೀರಿ, ಇದು ಓದ್ಲಾಕ ಬರಲ್ಲೇನು?”

ಗುಂಪಿನ ಮುಖ್ಯಸ್ಥೆ ಕೇಶರಬಾಯಿಗೆ ಸಿಟ್ಟು ಬಂದದ್ದು ರೂತಮ್ಮನ ಮೇಲೆಯೇ. ನಿನ್ನ ಗಂಡನಿಗೆ ಸಾಯಲು ಬೇರೆ ದಿನ ಸಿಗಲಿಲ್ಲವೇ ಎಂದು ಹಲ್ಲು ಕಚ್ಚಿದಳು. ಅವಳ ಸೆರಗಿನಲ್ಲಿ ಅವಳದೇ ಕಂತಿಗೂ ದುಡ್ಡಿರಲಿಲ್ಲ. ರೂತಮ್ಮನನ್ನು ಗಂಡ ಸತ್ತದ್ದಕ್ಕಿಂತ ಆ ಮಾತೇ ಹೆಚ್ಚು ನೋಯಿಸಿತು.

ಧನರಾಜ ಅವಳ ಕೊರಳು ನೋಡಿದ.

“ಗಂಡ ಹೋದ ಮ್ಯಾಲ ತಾಳಿ ಯಾತಕ್ಕ? ಬಿಚ್ಚು. ಕಂತಿಗಿ ಆಗ್ತದ.”

ರೂತಮ್ಮನ ಕೈ ಕೊರಳಿಗೆ ಹೋಯಿತು. ಕೇಶರಬಾಯಿ ಆ ಕೈ ಹಿಡಿದು ಕೆಳಗಿಳಿಸಿ ಎದ್ದು ನಿಂತಳು.

“ಕುಂದ್ರು. ಎಲ್ಲಿಗಿ ಹೊಂಟಿ?” ಎಂದ ಅವನು.

“ನಿಮ್ಮ ಆಫೀಸಿಗಿ, ಸೂಳೆಮಗನ. ಇವನ ಹೆಸರಿಲೆ ವಿಮಾ ಮುರದೀರಿ. ಕಂತು ಎಲೀಷನೇ ಕಟ್ತಾನ.”

ಅವಳು ಹೊರಸಿನ ಒಂದು ಕಾಲು ಹಿಡಿದಳು. ಗುಂಪಿನ ಮರಿಯಮಬೀ ಇನ್ನೊಂದು, ಮೀರಾಬಾಯಿ ಮತ್ತೊಂದು. ಹೆಂಗಸರು ಹೆಣ ಹೊರುವುದುಂಟೇ ಎಂದು ಓಣಿಯ ಮುದುಕರು ಬೈದರು. ನಾಲ್ಕನೆಯದಕ್ಕೆ ರೂತಮ್ಮ ಹೆಗಲು ಕೊಟ್ಟಳು.

ಆಫೀಸಿನಲ್ಲಿ ಅವರು ಎಲೀಷನನ್ನು ಕೌಂಟರಿನ ಮುಂದೆಯೇ ಇಳಿಸಿದರು. ಮ್ಯಾನೇಜರ ಮೂಗಿಗೆ ಕರ್ಚೀಪು ಒತ್ತಿಕೊಂಡು, ಮರಣ ಪ್ರಮಾಣಪತ್ರ ತರಬೇಕು, ಹೆಣ ದಾಖಲೆಯಾಗುವುದಿಲ್ಲ ಎಂದ.

ರೂತಮ್ಮ ನೆಲಕ್ಕೆ ಕೂತಳು.

“ನಿಮ್ಮ ದಾಖಲೆ ಆಗೋತನ ಇಲ್ಲೇ ಇರ್ತಾನ್ರಿ.”

ಎದ್ದು ಹೋಗಲೆಂದು ಮ್ಯಾನೇಜರ ಫ್ಯಾನು ಬಂದ್ ಮಾಡಿಸಿದ. ಅವಳು ಸೆರಗಿನಿಂದ ಗಂಡನ ಬಾಯಿಯ ಮೇಲಿನ ನೊಣ ಹೊಡೆಯುತ್ತ ಕೂತಳು.