ಹನ್ನೆರಡು ರೂಮಿನ ಬೆಡ್‌ಶೀಟುಗಳು

ಕಂಬ, ಕಂಬ, ಇನ್ನೊಂದು ಕಂಬ — ಕಣ್ಣು ನೆಡುವಷ್ಟರಲ್ಲಿ ಹಿಂದೆ ಬಿದ್ದಿರುತ್ತದೆ, ಈ ಹೊಸ ರೈಲಿಗೆ ಯಾರ ಮನೆ ಮುಳುಗಿಹೋಗುವ ಅವಸರವೋ, ಬಸ್ಸು ಹತ್ತಿ ಗುಡ್ಡದ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಬಂದು ರೂಮಿದೆಯಾ ತಾಯಿ ಎಂದು ಅವಳ ಲಾಡ್ಜಿನ ಬಾಗಿಲಲ್ಲಿ ಕುಸಿಯುತ್ತಿದ್ದ ಪ್ರವಾಸಿಗರೆಲ್ಲ ಈಗ ಹೀಗೆ ಕಾಲು ಚಾಚಿ ಕೂತಿದ್ದಾರೆ, ಒಬ್ಬರ ಮುಖದಲ್ಲೂ ಸುಸ್ತಿಲ್ಲ, ಸುಸ್ತಿಲ್ಲದವರಿಗೆ ಹಾಸಿಗೆ ಯಾತಕ್ಕೆ, ಅವಳ ಹೊಟ್ಟೆ ಉರಿಯುತ್ತಿದೆ. ಹಳಿ ಹಾಕುವಾಗ ಗಂಡ ಕುಣಿದದ್ದೇ ಕುಣಿದದ್ದು, ಲಾಡ್ಜಿನ ಬೆನ್ನಿಗೇ ಸ್ಟೇಷನ್ ಕಣೇ, ಊರಿಗೆ ಬಂದವರು ನೀರಿಗೆ ಬರದೇ ಇರ್ತಾರಾ, ಹನ್ನೆರಡು ರೂಮಿಗೂ ಬಣ್ಣ ಬಳಿಸಿದ, ಒಂದು ನರಪಿಳ್ಳೆಯೂ ಇಳಿಯಲಿಲ್ಲ — ಆಮೇಲಿನ ಉಪಾಯ ಮಾತ್ರ ಅವಳದೇ, ಖಾಲಿ ಲಾಡ್ಜಿಗೆ ಯಾರು ಬರ್ತಾರೆ, ತುಂಬಿದ ಹಾಗೆ ಕಾಣಬೇಕು, ಅಂದಿನಿಂದ ಯಾರೂ ಮಲಗದ ಬೆಡ್‌ಶೀಟುಗಳನ್ನು ದಿನಾ ತೆಗೆದು ಒಗೆದು ರೈಲಿಗೆ ಕಾಣುವಂತೆ ತಾರಸಿಯ ಮೇಲೆ ಒಣಹಾಕುವುದು, ಬಿಳೀ ಸಾಲು, ಹಿಂಡಿ ಹಿಂಡಿ ಮಣಿಕಟ್ಟು ಊದಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಎಂದು ನಕ್ಕವನು ಭಾವ, ಅಕ್ಕನ ಗಂಡ, ಅವನಿಗೆ ಸಿಮೆಂಟು ಮೂಟೆ ತುಂಬಿಡುವ ಗೋದಾಮಿಗೆ ಲಾಡ್ಜಿನ ಕಟ್ಟಡ ಬೇಕು, ನಾಳೆ ಉತ್ತರ ಬೇಕು. ಅದಕ್ಕೇ ಬೆಳಗ್ಗೆ ಬಸ್ಸು ಹತ್ತಿ ಪೇಟೆಗೆ ಹೋಗಿ ಈ ರೈಲಿನಲ್ಲಿ ವಾಪಸು ಬರುತ್ತಿದ್ದಾಳೆ, ನಮ್ಮ ತಾರಸಿ ನೋಡಿ ಇಬ್ಬರಾದರೂ ಇಳಿದರೆ ಲಾಡ್ಜು ಉಳಿಯುತ್ತದೆ, ಇಲ್ಲವೇ ಸಿಮೆಂಟು, ಹಾಗೆಂದು ಗಂಡನಿಗೆ ಮಾತು ಕೊಟ್ಟಿದ್ದಾಳೆ.

ಎದುರಿಗೆ ಕನ್ನಡಕದವನೂ ಅವನ ಹೆಂಡತಿಯೂ, ದುಡ್ಡಿಗೆ ಮೋಸ ಇಲ್ಲ ಕಣೇ ಈ ರೈಲು, ಎನ್ನುತ್ತಿದ್ದಾನೆ ಅವನು, ಏನು ನೋಡಿದ್ವಿ ಅಂತ, ಬರೀ ಸುರಂಗ, ಪ್ರವಾಸ ಅಂದ್ರೆ ಇದೇನಾ, ಹೆಂಡತಿ ಗೊಣಗುತ್ತಾಳೆ — ನಿನ್ನ ಹೆತ್ತವ್ವನಿಗೆ ಪುಣ್ಯ ಬರಲಿ, ಇನ್ನೂ ಗೊಣಗು — ಮುಂದಿನ ಊರು ಚೆನ್ನಾಗಿ ಕಂಡ್ರೆ ಇಳಿದುಬಿಡೋಣ, ಒಂದು ರಾತ್ರಿ ಇದ್ದು ಹೋಗೋಣ, ಎನ್ನುತ್ತಾಳೆ ಆ ಹೆಂಡತಿ. ಇಬ್ಬರು. ಲೆಕ್ಕಕ್ಕೆ ಸರಿಯಾಗಿ ಇಬ್ಬರು. ನಮ್ಮದೇ ಲಾಡ್ಜಿದೆ ಬನ್ನಿ ಎನ್ನಲು ನಾಲಿಗೆ ತುದಿಗೆ ಬಂತು, ನುಂಗಿಕೊಂಡಳು, ಕರೆದು ಇಳಿಸಿದರೆ ಅದು ಇಳಿದ ಹಾಗಲ್ಲ, ತಾರಸಿಯೇ ಕರೆಯಲಿ. ರೈಲು ನಿಧಾನವಾಯಿತು, ತಿರುವು, ನೀರಿನ ಟ್ಯಾಂಕು, ಅಗೋ, ಅವಳದೇ ತಾರಸಿ, ಬಿಸಿಲಿಗೆ ಹೊಳೆಯುವ ಬಿಳೀ ಸಾಲು, ಅಯ್ಯೋ ಎಷ್ಟು ಚೆಂದ ನಮ್ಮ ಲಾಡ್ಜು, ಕನ್ನಡಕದವನ ಹೆಂಡತಿ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಾಳೆ, ಬೇರೆಯವರೂ ನೋಡುತ್ತಿದ್ದಾರೆ, ಇಡೀ ಬೋಗಿ ನೋಡುತ್ತಿದೆ.

ಆಸ್ಪತ್ರೆ ಕಣ್ರೀ, ಎಂದಳು ಕನ್ನಡಕದವನ ಹೆಂಡತಿ, ಗಾಜಿನಿಂದ ಮೂಗು ತೆಗೆದು. ಪಾಪ, ಎಷ್ಟು ಜನ ಮಲಗಿದಾರೋ. ಇಲ್ಲಿ ಬೇಡಪ್ಪ, ಏನೋ ಕಾಯಿಲೆ ಹರಡಿರೋ ಹಾಗಿದೆ.

ಬಾಗಿಲು ತೆರೆಯಿತು, ಯಾರೂ ಏಳಲಿಲ್ಲ, ಇಳಿಯಬೇಕಾದವಳು ಅವಳೊಬ್ಬಳೇ, ಏಳಬೇಕು, ಏಳುತ್ತೇನೆ, ಇನ್ನೊಂದು ಗಳಿಗೆ — ಒಗೆಯದೇ ಬಿಟ್ಟಿದ್ದರೆ, ಬಣ್ಣದ್ದಾದರೂ ಆಗಿದ್ದರೆ — ಅಲ್ಲಿ ಬೆಡ್‌ಶೀಟುಗಳ ನಡುವಿನಿಂದ ಗಂಡ ಹೊರಬಂದು ರೈಲಿಗೆ ಕೈ ಬೀಸುತ್ತಿದ್ದಾನೆ, ಹಿಂದೆ ಬಿಳುಪು, ಮುಂದೆ ಬಿಳುಪು, ನಡುವೆ ಅವನ ಸಣಕಲು ಕೈ, ಪಾಪ ರೋಗಿ ಎಂದು ಯಾರೋ ತಿರುಗಿ ಕೈ ಬೀಸಿದರು, ಬಿಳೀ ಸಾಲು, ಬಿಳೀ ಸಾಲು, ಆ ಕೈ.